ಟೇಪಿನಲ್ಲಿ ಉಳಿದ ಹಟ್ಟಿಯ ಹಾಡು

ಒಬ್ಬನೇ ಹಾಡುಗಾರ ಹಾಡಿದ ಒಂದೇ ಹಾಡಿನ ನೂರಾರು ಮುದ್ರಣಗಳನ್ನು ಅಟ್ಟದ ಮೇಲೆ ಪೇರಿಸಿಟ್ಟುಕೊಂಡವನನ್ನು ನೆರೆಹೊರೆಯವರು ಹುಚ್ಚನೆನ್ನುವುದು ಸಹಜ. ಒಂದು ಸಾಲದೆ? ಚೆನ್ನಾಗಿರುವುದನ್ನು ಇಟ್ಟುಕೊಂಡು ಉಳಿದವನ್ನು ಬಿಸಾಡಬಾರದೆ? ಈ ಪ್ರಶ್ನೆ ಕೇಳುವವರು ಹಾಡನ್ನು ಒಂದು ವಸ್ತುವೆಂದು ತಿಳಿದಿರುತ್ತಾರೆ. ಕೂಡಿಡುವ ಹುಚ್ಚನಿಗೆ ಅದು ಒಂದು ರಾತ್ರಿ, ಒಂದು ಊರು, ಒಂದು ಗಂಟಲು ಸೇರಿ ನಡೆದ ಘಟನೆ. ಘಟನೆ ಎರಡನೆಯ ಸಲ ನಡೆಯುವುದಿಲ್ಲ.

ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡದ ಅಭಿಮಾನಿಗಳು ಈ ಹುಚ್ಚಿಗೆ ಲೋಕಪ್ರಸಿದ್ಧರು. 1965ರಿಂದ, ಜೆರ್ರಿ ಗಾರ್ಸಿಯ ತೀರಿಕೊಂಡ 1995ರವರೆಗೆ ಆ ತಂಡ ಎರಡು ಸಾವಿರಕ್ಕೂ ಹೆಚ್ಚು ಕಛೇರಿಗಳನ್ನು ನಡೆಸಿತು. ಒಂದು ರಾತ್ರಿ ಹಾಡಿದಂತೆ ಮತ್ತೊಂದು ರಾತ್ರಿ ಹಾಡುತ್ತಿರಲಿಲ್ಲ. ಸ್ಟುಡಿಯೋದಲ್ಲಿ ತಯಾರಾದ ತಟ್ಟೆಗಳು ಅಭಿಮಾನಿಗಳಿಗೆ ಸಪ್ಪೆಯೆನಿಸಿದವು. ಮೈಕುಗಳನ್ನು ಕೋಲಿಗೆ ಕಟ್ಟಿಕೊಂಡು ಸಭೆಗೇ ಬಂದರು. ತಂಡ ಅವರನ್ನು ಓಡಿಸಲಿಲ್ಲ. 1984ರಲ್ಲಿ ಅವರಿಗೆಂದೇ ಸಭಾಂಗಣದಲ್ಲಿ ಒಂದು ಜಾಗ ಗೊತ್ತುಮಾಡಿಕೊಟ್ಟಿತು. ಷರತ್ತು ಒಂದೇ: ಕ್ಯಾಸೆಟ್ಟನ್ನು ಬದಲಾಯಿಸಿಕೊಳ್ಳಬಹುದು, ಮಾರುವಂತಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1977ರ ಮೇ 8ರಂದು ನಡೆದ ಒಂದು ಕಛೇರಿಯ ಮುದ್ರಣ ಕೈಯಿಂದ ಕೈಗೆ ದಾಟಿ, ಕೊನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಯಲ್ಲಿ (2011) ಸ್ಥಾನ ಪಡೆಯಿತು.

ಇಷ್ಟು ದೂರದ ಕಥೆಗೂ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೂ ಏನು ಸಂಬಂಧ? ಗಿಟಾರು ಹಿಡಿದವರು ಇಲ್ಲಿ ಹೆಚ್ಚಿಲ್ಲ. ಆದರೆ ರಾಕ್ ಅಭಿಮಾನಿ ಕಷ್ಟಪಟ್ಟು ಕಂಡುಕೊಂಡ ಸತ್ಯ ಈ ಸೀಮೆಯ ಹಟ್ಟಿಗಳಲ್ಲಿ ಹುಟ್ಟಿನಿಂದಲೇ ಇದೆ. ಇಲ್ಲಿಯ ಹಾಡಿಗೆ ಸ್ಟುಡಿಯೋ ಪ್ರತಿ ಎಂಬುದೇ ಇಲ್ಲ. ಮೂಲಪ್ರತಿ ಎಂಬುದೂ ಇಲ್ಲ. ಹಾಡಿದಾಗ ಇರುತ್ತದೆ, ಹಾಡು ಮುಗಿದಾಗ ಇರುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಈ ಮಾತಿಗೆ ದೊಡ್ಡ ಸಾಕ್ಷಿ. ಕಾಡುಗೊಲ್ಲರ ಈ ಹೆಣ್ಣುಮಗಳಿಗೆ ಓದು ಬರಹ ಬರುತ್ತಿರಲಿಲ್ಲ. ನೆನಪಿನಲ್ಲಿ ಸಾವಿರಾರು ಪದಗಳಿದ್ದವು: ದೇವರ ಪದ, ಮದುವೆಯ ಸೋಬಾನೆ, ಕೋಲಾಟದ ಪದ, ಕುಲದ ವೀರರ ಕಥನ. ಜಾನಪದ ವಿದ್ವಾಂಸರೂ ಕಾದಂಬರಿಕಾರರೂ ಆದ ಕೃಷ್ಣಮೂರ್ತಿ ಹನೂರು ಅವರು ಆ ಹಟ್ಟಿಗೆ ಮತ್ತೆ ಮತ್ತೆ ಹೋಗಿ ಈ ಹಾಡುಗಳನ್ನು ಸಂಗ್ರಹಿಸಿದರು. ಅಜ್ಜಿಯ ಹೆಸರು ಹಟ್ಟಿಯ ಬೇಲಿ ದಾಟಿ ನಾಡಿಗೆ ಗೊತ್ತಾದದ್ದು ಹಾಗೆ. ಸಂಗ್ರಹಕಾರ ಎಂಬ ಶಬ್ದ ಇಂಥ ಕೆಲಸಕ್ಕೆ ಸ್ವಲ್ಪ ಒಣದು. ಒಬ್ಬ ಹಾಡುಗಾರ್ತಿಯ ಕಡೆಗೆ ವರ್ಷಗಟ್ಟಲೆ ಕಿವಿ ಇಟ್ಟು ಕೂರುವವನು ಮೊದಲು ಅಭಿಮಾನಿ, ಆಮೇಲೆ ವಿದ್ವಾಂಸ.

ಹಟ್ಟಿ ಎಂದರೆ ಮುಳ್ಳುಬೇಲಿಯ ಒಳಗಿನ ಊರು. ಕಾಡುಗೊಲ್ಲರು ಕುರಿ, ಮೇಕೆ, ದನ ಕಾಯ್ದು ಬದುಕಿದವರು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಇವರ ದೈವಗಳು. ಈ ದೈವಗಳಲ್ಲಿ ಹಲವರು ಒಂದು ಕಾಲಕ್ಕೆ ಹಟ್ಟಿಯಲ್ಲೇ ಬಾಳಿದ ದನಗಾಹಿ ವೀರರೆಂದು ಹಾಡು ಹೇಳುತ್ತದೆ. ಆದ್ದರಿಂದ ಹಾಡು ಇವರಿಗೆ ಮನರಂಜನೆಯಲ್ಲ. ಪುರಾಣವೂ ಅದೇ, ವಂಶಾವಳಿಯೂ ಅದೇ, ಪೂಜೆಯ ಮಂತ್ರವೂ ಅದೇ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಬಳಿ ನಡೆಯುವ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳಿನಿಂದಲೇ ಗುಡಿ ಕಟ್ಟಿ, ಬರಿಗಾಲಲ್ಲಿ ಅದನ್ನೇರಿ ಕಳಶ ಇಳಿಸುವ ಪದ್ಧತಿ ಇದೆ. ತೀ.ನಂ. ಶಂಕರನಾರಾಯಣ ಅವರ ‘ಕಾಡುಗೊಲ್ಲರ ಸಂಪ್ರದಾಯಗಳು ಮತ್ತು ನಂಬಿಕೆಗಳು’ ಕೃತಿಯನ್ನು ಓದಿದವರಿಗೆ ಈ ಸಮುದಾಯದ ಬಾಳು ಎಷ್ಟು ಒತ್ತಾಗಿ ಆಚರಣೆಯೊಡನೆ ಹೆಣೆದುಕೊಂಡಿದೆ ಎಂಬುದು ತಿಳಿದೀತು. ಹಾಡನ್ನು ಆ ಹೆಣಿಗೆಯಿಂದ ಬಿಡಿಸಿ ಎತ್ತಿಕೊಂಡರೆ ಕೈಗೆ ಬರುವುದು ಒಂದು ಎಳೆ ಮಾತ್ರ.

ಹೆಂಗಸರ ಹಾಡಿನ ಕಟ್ಟು ಸರಳವೆಂದು ತೋರುತ್ತದೆ. ಮುಂದೆ ಹಾಡುವವಳು ಒಂದು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿದು ಹಿಮ್ಮೇಳವಾಗುತ್ತಾರೆ. ಸೊಲ್ಲು ನಡೆಯುವ ಆ ಕೆಲವು ಕ್ಷಣಗಳಲ್ಲೇ ಮುಂದಿನವಳ ಮನಸ್ಸಿನಲ್ಲಿ ಮುಂದಿನ ಸಾಲು ಕಟ್ಟಿಕೊಳ್ಳಬೇಕು. ಪುಸ್ತಕದಲ್ಲಿ ಸೊಲ್ಲನ್ನು ಮೊದಲ ಪದ್ಯಕ್ಕೆ ಒಮ್ಮೆ ಅಚ್ಚು ಹಾಕಿ, ಮುಂದೆ ಒಂದು ನಕ್ಷತ್ರ ಗುರುತು ಹಾಕಿ ಬಿಡುತ್ತಾರೆ. ಕಾಗದ ಉಳಿಯುತ್ತದೆ, ನಿಜ. ಆದರೆ ಹಾಡುಗಾರ್ತಿ ಉಸಿರು ತೆಗೆದುಕೊಂಡದ್ದು, ಯೋಚಿಸಿದ್ದು, ಹಿಮ್ಮೇಳದವರ ಹುರುಪು ನೋಡಿ ಕಥೆಯನ್ನು ಹಿಗ್ಗಿಸಿದ್ದು ಅಥವಾ ಅವರ ತೂಕಡಿಕೆ ನೋಡಿ ಮೊಟಕುಗೊಳಿಸಿದ್ದು, ಎಲ್ಲವೂ ಆ ನಕ್ಷತ್ರದ ಒಳಗೆ ಹೂತುಹೋಗುತ್ತದೆ. ಇದನ್ನು ಹಿಡಿದಿಡಬಲ್ಲದ್ದು ಟೇಪು ಮಾತ್ರ.

ಹೀಗೆ ಹಾಡುತ್ತಲೇ ಕಟ್ಟುವ ಕಲೆಯ ಗುಟ್ಟನ್ನು ಜಗತ್ತಿಗೆ ಬಿಡಿಸಿ ತೋರಿಸಿದ್ದೂ ಧ್ವನಿಮುದ್ರಣವೇ. ಹಾರ್ವರ್ಡಿನ ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಅಲ್ಲಿಯ ಕಥನಗಾರರ ಹಾಡುಗಳನ್ನು ಮುದ್ರಿಸಿಕೊಂಡ. ಹೋಮರನ ಕಾವ್ಯ ಹುಟ್ಟಿದ್ದು ಹೇಗೆಂದು ತಿಳಿಯುವುದು ಅವನ ಆಸೆ. ಆಗ ಸಿಕ್ಕವನು ಅವ್ದೊ ಮೆಜೆದೊವಿಚ್, ಕಸುಬಿನಲ್ಲಿ ಕಟುಕ, ಓದು ಬರಹ ಬಾರದವನು. ಅವನು ಹೇಳಿದ ಒಂದು ಕಥನ ಹನ್ನೆರಡು ಸಾವಿರ ಸಾಲು ದಾಟಿತು. ‘ಒಡಿಸ್ಸಿ’ಯ ಉದ್ದವೂ ಅಷ್ಟೇ. ಪ್ಯಾರಿ ಒಂದು ಪರೀಕ್ಷೆ ಮಾಡಿದ. ಅವ್ದೊ ಎಂದೂ ಕೇಳಿರದ ಕಥೆಯೊಂದನ್ನು ಬೇರೊಬ್ಬನಿಂದ ಅವನ ಎದುರಿಗೇ ಹಾಡಿಸಿದ. ಅದು 2,294 ಸಾಲು ಇತ್ತು. ಈಗ ನೀನು ಹಾಡು ಎಂದಾಗ ಅವ್ದೊ ಅದನ್ನೇ 6,313 ಸಾಲುಗಳಲ್ಲಿ ಹಾಡಿದ. ಉರುಹೊಡೆದ ಹಾಡಾಗಿದ್ದರೆ ಇದು ಸಾಧ್ಯವೇ ಇಲ್ಲ. ಪ್ಯಾರಿ 1935ರಲ್ಲೇ ತೀರಿಕೊಂಡ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ ಯುದ್ಧ ಮುಗಿದ ಮೇಲೆ ಅದೇ ಊರಿಗೆ ಹೋಗಿ ಮುದಿಯಾಗಿದ್ದ ಅವ್ದೊನಿಂದ ಅದೇ ದೊಡ್ಡ ಕಥನವನ್ನು ಮತ್ತೆ ಹಾಡಿಸಿಕೊಂಡ. ಈ ಸಲ ಎಂಟು ಸಾವಿರ ಸಾಲಿನ ಆಸುಪಾಸು. ಎರಡರಲ್ಲಿ ಯಾವುದು ನಿಜವಾದದ್ದು ಎಂಬ ಪ್ರಶ್ನೆಗೆ ಲಾರ್ಡ್ 1960ರ ತನ್ನ ಗ್ರಂಥದಲ್ಲಿ ಕೊಟ್ಟ ಉತ್ತರ, ಎರಡೂ.

ಕರ್ನಾಟಕದಲ್ಲೇ ಇದಕ್ಕೆ ಸಾಟಿಯಾದ ಕೆಲಸ ನಡೆದಿದೆ. ಫಿನ್‌ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಸಂಧಿಯನ್ನು ಪೂರ್ತಿಯಾಗಿ ದಾಖಲಿಸಿಕೊಂಡರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲುಗಳಿದ್ದವು. ಹಾಡುಗಾರನ ತಲೆಯೊಳಗೆ ಇರುವುದು ಸಿದ್ಧ ಪಠ್ಯವಲ್ಲ. ಕಥೆಯ ನಡೆ, ಪದಪುಂಜ, ಯಾವಾಗ ಹಿಗ್ಗಿಸಬೇಕು ಯಾವಾಗ ಕುಗ್ಗಿಸಬೇಕು ಎಂಬ ತಿಳಿವು ಇವೆಲ್ಲ ಸೇರಿದ ಒಂದು ಮನಃಪಠ್ಯ ಎಂದು ಹಾಂಕೊ ಹೇಳಿದರು. ಹಾಡಿದ್ದೆಲ್ಲ ಅದರ ಒಂದೊಂದು ರೂಪ. ಜಾತ್ರೆಯ ರಾತ್ರಿ ಒಂದು ರೂಪ, ಗದ್ದೆಯಲ್ಲಿ ನಾಟಿ ಮಾಡುವಾಗ ಒಂದು, ಮೈಕಿನ ಮುಂದೆ ಮತ್ತೊಂದು. (ಅಂದ ಹಾಗೆ, ತುಳುನಾಡಿನ ಈ ಸಿರಿಗೂ ಯಲಗಟ್ಟೆಯ ಸಿರಿಯಜ್ಜಿಗೂ ಹೆಸರಿನ ನಂಟಷ್ಟೇ.)

ಅಭಿಮಾನಿಗಳ ಕ್ಯಾಸೆಟ್ ಹುಚ್ಚು ಕನ್ನಡಿಗರಿಗೆ ಹೊಸದೇನಲ್ಲ. ಕರಾವಳಿಯಲ್ಲಿ ಯಕ್ಷಗಾನ ಪ್ರೇಮಿಗಳು ಟೇಪ್‌ರೆಕಾರ್ಡರ್ ಹೊತ್ತು ಬಯಲಾಟದಿಂದ ಬಯಲಾಟಕ್ಕೆ ಅಲೆದ ಕಾಲವಿತ್ತು. ಭಾಗವತ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ, ಚಿಕ್ಕ ಹರೆಯದಲ್ಲೇ ತೀರಿಕೊಂಡರು. ಅವರ ಕಂಠ ಇಂದಿಗೂ ಕೇಳಿಸುತ್ತಿರುವುದರಲ್ಲಿ ಹೀಗೆ ಆಟದ ಬಯಲಲ್ಲಿ ಹಿಡಿದ ಮುದ್ರಣಗಳ ಪಾಲು ದೊಡ್ಡದು. ಚಂಡೆಯ ಅಬ್ಬರ, ನಡುವೆ ಯಾರೋ ಕೆಮ್ಮಿದ್ದು, ಪ್ರೇಕ್ಷಕರ ಸಿಳ್ಳೆ ಎಲ್ಲ ಸೇರಿಯೇ ಅದು ನಾವಡರ ಪದ್ಯ. ಹಳೆ ಮೈಸೂರಿನಲ್ಲಿ ಗುರುರಾಜುಲು ನಾಯ್ಡು ಅವರ ಹರಿಕಥೆಯ ಕ್ಯಾಸೆಟ್ಟುಗಳು ಮನೆಮನೆ ಹೊಕ್ಕವು.

ಬಯಲುಸೀಮೆಯ ಹಟ್ಟಿಗಳಿಗೆ ಇಂಥ ಅಭಿಮಾನಿ ಪಡೆ ದೊರೆಯಲಿಲ್ಲ. ಕ್ಯಾಸೆಟ್ ಕಂಪೆನಿಗಳ ಕಣ್ಣಿಗೆ ಜನಪದ ಗೀತೆ ಬಿದ್ದದ್ದು ನಿಜ. ಆದರೆ ಅವರಿಗೆ ಬೇಕಾದದ್ದು ಐದು ನಿಮಿಷದ ಹಾಡು, ಕೀಬೋರ್ಡಿನ ತಾಳ, ತರಬೇತಾದ ಗಾಯಕಿಯ ನಯವಾದ ಕಂಠ. ಕೇಳಲು ಹಿತವಾಗಿರುತ್ತದೆ. ರಾತ್ರಿಯಿಡೀ ನಡೆಯುವ ಕಥನದಿಂದ ಐದು ನಿಮಿಷ ಕತ್ತರಿಸಿದರೆ ಮಾತ್ರ ಉಳಿಯುವುದು ರಾಗ, ಕಥೆಯಲ್ಲ. ಮೂರು ನಿಮಿಷಕ್ಕೇ ಮುಗಿಯುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆ ಶಾಸ್ತ್ರೀಯ ಗಾಯಕರಿಗೆ ಕೊಟ್ಟ ಕಾಟವೇ ಇನ್ನೊಂದು ರೂಪದಲ್ಲಿ ಜನಪದಕ್ಕೆ ಬಂತೆನ್ನಬೇಕು.

ಹೀಗಾಗಿ ಹಟ್ಟಿಗೆ ಯಂತ್ರ ಹೊತ್ತು ಹೋದವರು ಹೆಚ್ಚಾಗಿ ಅಧ್ಯಾಪಕರು, ಸಂಶೋಧಕರು. ಕಾಡುಗೊಲ್ಲರ ಜಾನಪದದಲ್ಲಿ ಕೆಲಸ ಮಾಡಿದ ಮೀರಾಸಾಬಿಹಳ್ಳಿ ಶಿವಣ್ಣ ಅವರು ತಮ್ಮ ಹೆಸರಿನಲ್ಲೇ ಈ ತಾಲ್ಲೂಕಿನ ಹಳ್ಳಿಯನ್ನು ಹೊತ್ತವರು. ಅವರೆಲ್ಲ ಬಳಸಿದ ಕಾಲದ ಯಂತ್ರದ ಮಿತಿಗಳನ್ನು ಅರಿತರೆ ಟೇಪಿನ ಒಳಗಿರುವುದು ಹೆಚ್ಚು ಅರ್ಥವಾಗುತ್ತದೆ. ತೊಂಬತ್ತು ನಿಮಿಷದ ಕ್ಯಾಸೆಟ್ ಎಂದರೆ ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಕಥನ ಏರುಹೊತ್ತಿನಲ್ಲಿರುವಾಗಲೇ ಯಂತ್ರ ಟಕ್ಕೆಂದು ನಿಲ್ಲುತ್ತದೆ. ಮಗುಚಿ ಹಾಕುವಷ್ಟರಲ್ಲಿ ನಾಲ್ಕು ಸಾಲು ಹೋಯಿತು. ಅಜ್ಜಿಯನ್ನು ನಿಲ್ಲಿಸಿ ಎಂದು ಕೇಳಿದರೆ ಹಾಡಿನ ಓಟ ಮುರಿಯುತ್ತದೆ. ಕೇಳದಿದ್ದರೆ ಕಥೆಯಲ್ಲಿ ತೂತು ಬೀಳುತ್ತದೆ. ಕರೆಂಟು ನಂಬುವಂತಿಲ್ಲದ ಕಡೆ ಸೆಲ್ಲುಗಳೇ ಗತಿ. ಸೆಲ್ಲು ಸೊರಗಿದಾಗ ಟೇಪು ನಿಧಾನವಾಗಿ ಸುತ್ತುತ್ತದೆ. ಅದನ್ನು ಮನೆಗೆ ತಂದು ಸರಿಯಾದ ವೇಗದಲ್ಲಿ ಹಾಕಿದರೆ ಮುದುಕಿಯ ದನಿ ಎಳೆಹುಡುಗಿಯ ಕೀರಲು ದನಿಯಾಗಿ, ಅವಸರವಸರವಾಗಿ ಹೊರಡುತ್ತದೆ. ತಿಳಿಯದವರು ಅದನ್ನೇ ಹಾಡಿನ ಧಾಟಿಯೆಂದು ಬರೆದುಕೊಂಡರೂ ಬರೆದುಕೊಂಡಾರು.

ಯಂತ್ರದ ಮಿತಿಗಿಂತ ಸೂಕ್ಷ್ಮವಾದದ್ದು ಸಂದರ್ಭದ ಪ್ರಶ್ನೆ. ದೇವರ ಪದವನ್ನು ದೇವರಿಲ್ಲದ ಹೊತ್ತಿನಲ್ಲಿ, ಹಬ್ಬವಿಲ್ಲದ ದಿನ, ಹಿಮ್ಮೇಳವಿಲ್ಲದೆ ಹಾಡು ಎಂದರೆ ಹಾಡುವವರಿಗೆ ಇರಿಸುಮುರಿಸಾಗುವುದು ಸಹಜ. ಒಬ್ಬಳೇ ಕುಳಿತು ಹಾಡಿದ ಮುದ್ರಣ ಸ್ಪಷ್ಟವಾಗಿರುತ್ತದೆ, ಪುಸ್ತಕ ಮಾಡುವವರಿಗೆ ಅನುಕೂಲ. ಹಬ್ಬದ ರಾತ್ರಿಯ ಮುದ್ರಣದಲ್ಲಿ ಉರುಮೆಯ ಸದ್ದಿಗೆ ಅರ್ಧ ಮಾತು ಮುಳುಗಿರುತ್ತದೆ, ಮಗು ಅಳುತ್ತದೆ, ಕುರಿ ಅರಚುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕೆಂದರೆ ವಿದ್ವಾಂಸರು ಮೊದಲನೆಯದನ್ನು ಆರಿಸಿಕೊಂಡಾರು. ಅಭಿಮಾನಿ ಎರಡನೆಯದಕ್ಕೆ ಕೈ ಚಾಚುತ್ತಾನೆ. ಈ ವಿಷಯದಲ್ಲಿ ಅಭಿಮಾನಿಯದೇ ಸರಿ.

ಮೊಳಕಾಲ್ಮುರು ಕಡೆಗೆ ಹೋದರೆ ತೊಡಕು ಇನ್ನೊಂದು ಬಗೆಯದು. ಅಲ್ಲಿಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುವವರು. ಅವನ್ನು ಕಾಯುವವನಿಗೆ ಕಿಲಾರಿ ಎಂದು ಹೆಸರು. ಕೋಳಿಯನ್ನು ಮುಟ್ಟರು. ಗಾದ್ರಿ ಪಾಲನಾಯಕನಂಥ ವೀರರ ಕಥೆಗಳನ್ನು ಹಾಡುವ ಇವರಲ್ಲಿ ಹಲವು ಹಟ್ಟಿಗಳ ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ. ಕಥನ ಒಂದು ಭಾಷೆಯಲ್ಲಿ ಹೊರಟು ಇನ್ನೊಂದಕ್ಕೆ ಹೊರಳಿದರೆ ಕೇಳುವವರು ಬೆರಗಾಗುವುದಿಲ್ಲ. ಬರೆದುಕೊಳ್ಳುವವರು ಮಾತ್ರ ಕನ್ನಡ ಸಂಪುಟಕ್ಕೆ ಹಾಕುವುದೋ ತೆಲುಗಿಗೋ ಎಂದು ಪೇಚಾಡಬೇಕು. ಟೇಪಿಗೆ ಈ ಪೇಚಾಟವಿಲ್ಲ. ಇದ್ದದ್ದನ್ನು ಇದ್ದಂತೆ ಹಿಡಿಯುತ್ತದೆ.

ಹೇಳಿದ ಮಾತನ್ನು ಹಿಡಿದಿಡುವ ಯತ್ನ ಈ ತಾಲ್ಲೂಕಿಗೆ ಮೊನ್ನೆ ಮೊನ್ನೆಯದೂ ಅಲ್ಲ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ, ಎಲ್ಲವೂ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಇವೆ. ಸುವರ್ಣಗಿರಿಯ ರಾಜಕುಮಾರ ಇಸಿಲದ ಅಧಿಕಾರಿಗಳ ಕ್ಷೇಮ ವಿಚಾರಿಸಿ ರಾಜನ ಮಾತನ್ನು ದಾಟಿಸುವ ಧಾಟಿ ಅವುಗಳದು. ಹಾಡಲ್ಲದಿದ್ದರೂ ಅದು ಬಾಯಿಂದ ಬಾಯಿಗೆ ಹೋಗಬೇಕಾಗಿದ್ದ ಮಾತು. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ತಾನು ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಯಾರು ಬರೆದರು ಎಂಬುದು ಎರಡು ಸಾವಿರ ವರ್ಷದ ಮೇಲೂ ತಿಳಿಯುತ್ತದೆ.

ನಮ್ಮ ಕಾಲದ ಕ್ಯಾಸೆಟ್ಟುಗಳ ವಿಷಯದಲ್ಲಿ ಈ ಮಾತು ಹೇಳುವುದು ಕಷ್ಟ. ಟೇಪೆಂದರೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿಸಿದ ಕಬ್ಬಿಣದ ಆಕ್ಸೈಡಿನ ಪುಡಿ. ಅಂಟು ಹಳಸಿದರೆ ಪುಡಿ ಉದುರುತ್ತದೆ, ಪುಡಿಯ ಜೊತೆ ದನಿಯೂ ಉದುರುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಮಲೆನಾಡಿನಂತೆ ಬೂಷ್ಟು ಹಿಡಿಯುವ ಭಯ ಕಡಿಮೆ. ಬಿಸಿಲು, ಧೂಳು ಅದರ ಪಾಲನ್ನು ತೀರಿಸುತ್ತವೆ. ಟೇಪು ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರ ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ರಿಪೇರಿ ಬಲ್ಲವರು ಅದಕ್ಕಿಂತ ಅಪರೂಪ. ಕಂಪ್ಯೂಟರಿಗೆ ಇಳಿಸಲು ಅಡ್ಡದಾರಿಯೂ ಇಲ್ಲ: ತೊಂಬತ್ತು ನಿಮಿಷದ ಟೇಪಿಗೆ ತೊಂಬತ್ತು ನಿಮಿಷವೇ ಬೇಕು, ಒಬ್ಬರು ಕುಳಿತು ಕೇಳಲೇಬೇಕು. ನೂರು ಕ್ಯಾಸೆಟ್ ಎಂದರೆ ನೂರೈವತ್ತು ಗಂಟೆ.

ಅದಕ್ಕಿಂತ ಮೊದಲಿನ ಅಪಾಯ ಅಲಕ್ಷ್ಯ. ಹಾಡು ಪುಸ್ತಕವಾದ ಮೇಲೆ ಕ್ಯಾಸೆಟ್ಟಿನ ಕೆಲಸ ಮುಗಿಯಿತೆಂಬ ಭಾವನೆ ಬಲವಾದದ್ದು. ಬಿ.ಬಿ.ಸಿ.ಯಂಥ ಸಂಸ್ಥೆಯೇ 1960, 70ರ ದಶಕಗಳಲ್ಲಿ ಹಳೆಯ ಟೇಪುಗಳನ್ನು ಅಳಿಸಿ ಅದರ ಮೇಲೆ ಹೊಸ ಕಾರ್ಯಕ್ರಮ ತುಂಬಿತು. ಆಮೇಲೆ ಕಳೆದುಹೋದ ಕಂತುಗಳನ್ನು ಅಭಿಮಾನಿಗಳ ಮನೆಯಲ್ಲಿ ಹುಡುಕಬೇಕಾಯಿತು. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ದನಿ ಮತ್ತು ದೃಶ್ಯದ ಸಂಗ್ರಹಕ್ಕೂ ಜಾಗ ಕೊಟ್ಟಿದೆ. ಆದರೆ ಸಂಶೋಧಕರ ಮನೆಯ ಪೆಟ್ಟಿಗೆಗಳಲ್ಲಿ ಉಳಿದದ್ದು ಸಾರ್ವಜನಿಕ ಭಂಡಾರಕ್ಕೆ ತಾನಾಗಿ ಬಂದು ಸೇರುವುದಿಲ್ಲ.

ಇಲ್ಲಿ ಆ ರಾಕ್ ಅಭಿಮಾನಿಗಳಿಂದ ಕಲಿಯಬಹುದಾದ ಶಿಸ್ತು ಒಂದಿದೆ. ಅವರ ಪ್ರತಿ ಕ್ಯಾಸೆಟ್ಟಿನ ಮೇಲೂ ಊರು, ಸಭಾಂಗಣ, ತಾರೀಕು, ಹಾಡುಗಳ ಅನುಕ್ರಮ, ಎಷ್ಟನೆಯ ನಕಲು ಎಂಬುದು ಇರುತ್ತಿತ್ತು. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಿದ್ದ ಹುಡುಗರು ಇದನ್ನು ಪ್ರೀತಿಯಿಂದ ಮಾಡಿದರು. ‘ಗೊಲ್ಲರ ಪದ, ಭಾಗ 2’ ಎಂದಷ್ಟೇ ಬರೆದ ಕ್ಯಾಸೆಟ್ ಸಿಕ್ಕರೆ ಯಾವ ಹಟ್ಟಿ, ಯಾವ ಹಬ್ಬ, ಹಿಮ್ಮೇಳದಲ್ಲಿ ಯಾರು, ಮೊದಲ ಭಾಗ ಎಲ್ಲಿ ಎಂಬುದನ್ನು ಯಾರನ್ನು ಕೇಳುವುದು?

ಹಾಡಿದವರ ಹಕ್ಕಿನ ಮಾತೂ ಇದೆ. ಪರಂಪರೆಯ ಹಾಡಿಗೆ ಗೊತ್ತಾದ ಕರ್ತೃವಿಲ್ಲದ್ದರಿಂದ 1957ರ ಕೃತಿಸ್ವಾಮ್ಯ ಕಾಯಿದೆ ಅದನ್ನು ಹಿಡಿಯಲಾರದು. ಆದರೆ 1994ರ ತಿದ್ದುಪಡಿ ಪ್ರದರ್ಶಕರ ಹಕ್ಕು ಎಂಬುದನ್ನು ತಂದಿತು. ಹಾಡು ಯಾರದೇ ಇರಲಿ, ಹಾಡಿದ ದನಿ ಹಾಡಿದವರದು. ಅವರನ್ನು ಕೇಳದೆ ಮುದ್ರಿಸಿ ವ್ಯಾಪಾರಕ್ಕೆ ಬಳಸುವಂತಿಲ್ಲ. ಮೊದಲು 25 ವರ್ಷವಿದ್ದ ಈ ಹಕ್ಕಿನ ಅವಧಿ 1999ರಲ್ಲಿ 50 ವರ್ಷಕ್ಕೆ ಏರಿತು. ಅಧ್ಯಯನಕ್ಕೆ, ಸ್ವಂತಕ್ಕೆ ಮಾಡಿಕೊಂಡ ಮುದ್ರಣಕ್ಕೆ ವಿನಾಯಿತಿ ಉಂಟು. ಅಧ್ಯಯನಕ್ಕೆಂದು ಮಾಡಿಕೊಂಡ ಮುದ್ರಣ ಇಪ್ಪತ್ತು ವರ್ಷದ ಮೇಲೆ ಸಿನಿಮಾ ಹಾಡಿನ ಪಲ್ಲವಿಯಾದರೆ ಹಟ್ಟಿಗೆ ಅದು ತಿಳಿಯುವುದು ಹೇಗೆ ಎಂಬುದನ್ನು ಕಾಯಿದೆ ಹೇಳುವುದಿಲ್ಲ.

ಸಿರಿಯಜ್ಜಿ ಈಗಿಲ್ಲ. ಮೊಳಕಾಲ್ಮುರಿಗೆ ಹೊಂದಿಕೊಂಡ ಬಳ್ಳಾರಿ ಸೀಮೆಯಲ್ಲಿ ಬುರ್ರಕಥೆಯ ಸಾವಿರಾರು ಸಾಲುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ದರೋಜಿ ಈರಮ್ಮ 2014ರಲ್ಲಿ ಹೋದರು. ಜಾತ್ರೆಯ ಗುಂಪಿನಲ್ಲಿ ಈಗ ಟೇಪ್‌ರೆಕಾರ್ಡರ್ ಹೊತ್ತ ಅಧ್ಯಾಪಕರಿಗಿಂತ ಮೊಬೈಲ್ ಎತ್ತಿ ಹಿಡಿದ ಹಟ್ಟಿಯ ಹುಡುಗರೇ ಹೆಚ್ಚು. ಅವರಿಗೆ ಸೆಲ್ಲು ಸೊರಗುವ ಚಿಂತೆಯಿಲ್ಲ, ಮಗ್ಗುಲು ಬದಲಿಸುವ ರಗಳೆಯಿಲ್ಲ, ಹಾಡುವವಳು ಯಾರು ಎಂದು ಕೇಳುವ ಅಗತ್ಯವೂ ಇಲ್ಲ. ಅವಳು ಅವರ ಅಜ್ಜಿಯೋ ಚಿಕ್ಕವ್ವನೋ ಆಗಿರುತ್ತಾಳೆ. ಹೀಗಾಗಿ ಅವಳ ಹೆಸರನ್ನು ಯಾರೂ ಬರೆಯುವುದಿಲ್ಲ. ಎರಡು ನಿಮಿಷದ ತುಣುಕು ಊರೂರು ಸುತ್ತುತ್ತದೆ. ಉಳಿದ ರಾತ್ರಿಯ ಕಥನ ಹಿಮ್ಮೇಳದವರ ಕಿವಿಯಲ್ಲಿ ಇರುತ್ತದೆ.